ನಾಲ್ಕನೆಯ ಕೋಳಿ

ಲಾರೆನ್ಸ್ ಅಂಕಲ್ ಕೂತು ಆಟ ನೋಡಿದ್ದನ್ನು ನಾನು ಕಂಡಿಲ್ಲ. ಟಿವಿಯಲ್ಲಿ ಫುಟಿ, ಅಂದರೆ ಆಸ್ಟ್ರೇಲಿಯಾದವರ ಆ ಮೊಟ್ಟೆಯಾಕಾರದ ಚೆಂಡಿನ ಆಟ, ಶುರುವಾಯಿತೆಂದರೆ ಅವರು ಅಡುಗೆಮನೆಗೂ ಬಾಲ್ಕನಿಗೂ ನಡುವೆ ನಡೆಯುತ್ತಿದ್ದರು. ಹೋಗುವಾಗ ಪರದೆಯ ಕಡೆ ಒಂದು ನೋಟ, ಬರುವಾಗ ಒಂದು ನೋಟ. ಒಲೆಯ ಮೇಲಿಟ್ಟ ಚಹಾ ಪ್ರತಿ ಶನಿವಾರವೂ ಉಕ್ಕುತ್ತಿತ್ತು.

"ಕೂತ್ಕೊಳ್ಳಿ ಅಂಕಲ್" ಎಂದರೆ, "ನಾನು ಕೂತ್ರೆ ನಮ್ಮ ಟೀಮೂ ಕೂತ್ಕೊಳ್ತದೆ ಮಾರಾಯ್ರೆ" ಎನ್ನುತ್ತಿದ್ದರು.

ಅವರು ಬೆಳ್ತಂಗಡಿ ಕಡೆಯ ಕ್ಯಾಥೊಲಿಕರು. ಕುವೈತಿನಲ್ಲಿ ಬಹುಕಾಲ ಲಿಫ್ಟ್ ಮೆಕ್ಯಾನಿಕ್ ಆಗಿದ್ದು, ನಂತರ ಹೆಂಡತಿಯೊಡನೆ ಆಸ್ಟ್ರೇಲಿಯಾದ ಪರ್ತಿಗೆ ಬಂದು ಅದೇ ಕೆಲಸ ಹಿಡಿದವರು. ನನಗೆ ಪರಿಚಯವಾಗುವ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸ್ಯಾಂಡ್ರಾ ಮದುವೆಯಾಗಿ ಅಡಿಲೇಡಿನಲ್ಲಿದ್ದಳು. ಗಣಿ ಕಂಪನಿಗಳು ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸತೊಡಗಿದ್ದ ಕಾಲ ಅದು. ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆ ಬಿಟ್ಟು ಬಂದ ನಾನು ಅಂಥದೇ ಒಂದು ಕಂಪನಿಯ ವರದಿಗಳನ್ನು ತಿದ್ದುತ್ತಿದ್ದೆ. ಒಂದು ಮಧ್ಯಾಹ್ನ ಪರ್ತ್ ಸಿಟಿಯ ನಮ್ಮ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗಿದ್ದವನು ನಾನೊಬ್ಬನೇ. ಹೆಂಡತಿಗೆ ಫೋನು ಮಾಡಿ, "ಸಿಕ್ಹಾಕ್ಕೊಂಡ್ಬಿಟ್ಟೆ ಕಣೆ" ಎನ್ನುತ್ತಿದ್ದಾಗ ಬಾಗಿಲಿನ ಆಚೆಯಿಂದ ಮಂಗಳೂರು ಕಡೆಯ ಕನ್ನಡ ಕೇಳಿತು.

"ಹೆದರ್ಬೇಡಿ, ಅದು ಬೀಳುದಿಲ್ಲ. ನಿಮ್ಮ ಫೋನಲ್ಲಿ ನೆಟ್ ಉಂಟಲ್ಲಾ? ಹಾಗಾದ್ರೆ ಸ್ವಲ್ಪ ಸ್ಕೋರ್ ನೋಡಿ ಹೇಳಿ."

ಸ್ಕೋರ್ ಹೇಳಿದ ಮೇಲೆಯೇ ನನ್ನ ಬಿಡುಗಡೆ. ನಾನು ಪತ್ರಿಕೆಯಲ್ಲಿದ್ದವನು ಎಂದು ತಿಳಿದ ಮೇಲೆ ಅವರು ನನ್ನ ಹೆಸರು ಹಿಡಿದು ಕರೆಯಲೇ ಇಲ್ಲ. ನಾನು "ಪೇಪರಿನವರು" ಆದೆ.

ಆ ಶನಿವಾರವೇ ಊಟಕ್ಕೆ ಕರೆದು ಪಾಠ ಶುರುಮಾಡಿದರು. ಇಲ್ಲಿ ಫೋನಿನಲ್ಲೇ ಬಾಜಿ ಕಟ್ಟಬಹುದು, ಅದು ಕಾನೂನುಬದ್ಧ. ಅದರಲ್ಲಿ "ಮಲ್ಟಿ" ಎಂಬ ಬಗೆಯೊಂದಿದೆ. ನಾಲ್ಕು ಆಟಗಳಲ್ಲಿ ಯಾರು ಗೆಲ್ಲುತ್ತಾರೆಂದು ಒಂದೇ ಬಾಜಿಯಲ್ಲಿ ಹೇಳಬೇಕು. ನಾಲ್ಕರ ದರಗಳೂ, ಅಂದರೆ ಡಾಲರಿಗೆ ಇಷ್ಟು ಎಂಬ ಲೆಕ್ಕ, ಒಂದಕ್ಕೊಂದು ಗುಣಿಸಿಕೊಳ್ಳುವುದರಿಂದ ಬರುವ ಮೊತ್ತ ದೊಡ್ಡದು. ಆದರೆ ಒಂದು ತಪ್ಪಿದರೂ ಏನೂ ಇಲ್ಲ. ನನಗೆ ಇದು ತಲೆಗೆ ಹೋಗಲಿಲ್ಲ.

"ಮೂರು ಸರಿಯಾದ್ರೆ ಮುಕ್ಕಾಲು ಕೊಡಲ್ವಾ?"

"ಎಂತ ಮುಕ್ಕಾಲು! ನಾಲ್ಕು ಕೋಳಿಯನ್ನು ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ ಇದು. ಒಂದು ಬಿತ್ತಾ, ನಾಲ್ಕೂ ಸಾರಿನ ಪಾತ್ರೆಗೆ."

ಕೋಳಿ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಅವರ ಊರಿನಲ್ಲಿ ಕೋಳಿ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಹೋಗುವವರು ಕುಕ್ಕುಟ ಪಂಚಾಂಗ ನೋಡುತ್ತಾರೆ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಅದರಲ್ಲಿ ಬರೆದಿರುತ್ತದೆ. ಪಕ್ಕದ ಮನೆಯವರ ಪುಸ್ತಕವನ್ನು ಅಂಕಲ್ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದರು. ಈಗ ಅದನ್ನು ಫುಟಿ ತಂಡಗಳು ತೊಡುವ ಬನಿಯನ್ನಿನ ಬಣ್ಣಕ್ಕೆ ಹೊಂದಿಸಿದ್ದರು. ತಂಡಗಳ ಹೆಸರನ್ನೇ ಹೇಳುತ್ತಿರಲಿಲ್ಲ. "ಇವತ್ತು ಕರಿಯನಿಗೆ ಬಲ ಉಂಟು, ಹಳದಿಯನ್ನು ಮುಟ್ಬೇಡಿ." ಎರಡು ಬಣ್ಣದ ಬನಿಯನ್ನಾದರೆ ಬೆನ್ನಿನ ಮೇಲೆ ಯಾವುದು ಜಾಸ್ತಿ ಎಂದು ನೋಡುತ್ತಿದ್ದರು. ಸಮಯ ಯಾವುದು, ಪರ್ತಿನದೋ ಆಟ ನಡೆಯುವ ಊರಿನದೋ ಎಂಬುದು ಮಾತ್ರ ಕೊನೆಯವರೆಗೂ ತೀರ್ಮಾನವಾಗಲಿಲ್ಲ.

"ಅಂಕಲ್, ನೀವು ಚರ್ಚಿಗೆ ಹೋಗೋರು. ನಿಮಗ್ಯಾಕೆ ಪಂಚಾಂಗ?"

"ಕೋಳಿಗೆ ಜಾತಿ ಉಂಟಾ ಮಾರಾಯ್ರೆ? ಬಣ್ಣ ಮಾತ್ರ."

ನನಗೊಂದು ಕೆಲಸ ವಹಿಸಿದರು. "ನೀವು ಬರೆಯುವವರಲ್ವಾ, ಬರೆದಿಡಿ. ಸಿಸ್ಟಮ್ ಎಲ್ಲಿ ತಪ್ತದೆ ಅಂತ ಗೊತ್ತಾಗ್ಬೇಕು. ಹಣ ಬರೀಬೇಡಿ, ಬಣ್ಣ ಮಾತ್ರ ಬರೀರಿ." ಹಾಗೆ ಇಪ್ಪತ್ತು ಶನಿವಾರ ಬರೆದೆ. ಮೊದಲ ಐದು ವಾರ ನಾನೂ ಸಣ್ಣದಾಗಿ ಕಟ್ಟಿ ಸೋತು, ಆಮೇಲೆ ಬರೆಯುವಷ್ಟಕ್ಕೇ ನಿಂತೆ. ಅವರು ನಿಲ್ಲಲಿಲ್ಲ. ಮೂರು ಬಂದು ನಾಲ್ಕನೆಯದು ಹೋದ ವಾರಗಳಲ್ಲಿ ಅವರ ಮುಖದಲ್ಲಿ ಸೋತ ಕಳೆ ಇರುತ್ತಿರಲಿಲ್ಲ. ಇನ್ನೇನು ಬಾಗಿಲು ತೆರೆಯಿತು ಎಂಬ ಕಾತರ ಇರುತ್ತಿತ್ತು. ಮುಂದಿನ ಶನಿವಾರದವರೆಗೆ ಅವರಿಗೆ ಆರು ದಿನ ಕಳೆಯುವುದೇ ಕಷ್ಟ.

ಪರ್ತಿನಲ್ಲಿ ಕೆಲಸ ಕಡಿಮೆಯಾದಾಗ ಅವರು ಬ್ರಿಸ್ಬೇನಿಗೆ ಹೋದರು. ಮರುವರ್ಷ ಕಂಪನಿ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ಟೂವಾಂಗ್ ಬಡಾವಣೆಯ ಅವರ ಬಾಡಿಗೆ ಕೋಣೆಯನ್ನು ಹುಡುಕಿಕೊಂಡು ಹೋದೆ. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಹೋದ ಹತ್ತು ನಿಮಿಷಕ್ಕೆ ಸ್ಯಾಂಡ್ರಾಳ ಫೋನು ಬಂತು. ಅಪ್ಪ ಮಗಳು ಕೊಂಕಣಿಯಲ್ಲಿ ಮಾತಾಡಿದರು. ನನಗೆ ಅರ್ಥವಾದದ್ದು ಅಂಕಲ್ ಎರಡು ಸಲ ಹೇಳಿದ "ಪ್ರಾಮಿಸ್" ಮಾತ್ರ. ಫೋನಿಟ್ಟು ವಿವರಿಸಿದರು. ಮಗಳಿಗೆ ಹೆರಿಗೆ ಹತ್ತಿರ. ಅವಳು ಕೆಲಸಕ್ಕೆ ವಾಪಸಾದಾಗ ಮಗುವನ್ನು ನೋಡಿಕೊಳ್ಳಲು ಅಪ್ಪ ಬಂದು ಜೊತೆಯಲ್ಲೇ ಇರಬೇಕು. ಷರತ್ತು ಒಂದೇ: ಬಾಜಿ ಬಿಡಬೇಕು. ಒಮ್ಮೆ ಸಿಕ್ಕಿಬಿದ್ದರೆ ಮನೆಯಿಂದ ಹೊರಗೆ, ಎರಡನೆಯ ಮಾತಿಲ್ಲ.

"ಬಿಡುದೇ. ಒಂದು ಸಲ ನಾಲ್ಕೂ ಬರ್ಲಿ, ಮತ್ತೆ ಮುಟ್ಟುದಿಲ್ಲ. ಸೋತು ಬಿಟ್ಟ ಅಂತ ಆಗ್ಬಾರ್ದಲ್ಲ?"

ನಾನು ನೋಟ್‌ಬುಕ್ ತೆಗೆದು ಓದಿದೆ. ಬಣ್ಣ ಸರಿಯಾದದ್ದು ಅರ್ಧದಷ್ಟು ಸಲ. ಮೂರು ಬಂದದ್ದು ಐದು ವಾರ. ನಾಲ್ಕೂ ಬಂದದ್ದು ಒಂದು ವಾರವೂ ಇಲ್ಲ.

"ಅರ್ಧ ಸರಿ ಅಲ್ವಾ! ನೋಡಿ, ಸಿಸ್ಟಮ್ ಉಂಟು!"

"ನಾಣ್ಯ ಚಿಮ್ಮಿದ್ರೂ ಅಷ್ಟೇ ಬರುತ್ತೆ ಅಂಕಲ್. ನಾಲ್ಕೂ ಒಟ್ಟಿಗೆ ಬರೋದು ಹದಿನಾರರಲ್ಲಿ ಒಂದು ಸಲ. ಜೊತೆಗೆ ಬಾಜಿ ಕಂಪನಿಯೋರು ಪ್ರತಿ ಆಟದಲ್ಲೂ ತಮ್ಮ ಪಾಲು ಇಟ್ಕೊಂಡೇ ದರ ಕಟ್ತಾರೆ. ನಾಲ್ಕು ಗುಣಿಸಿದ್ರೆ ಅವರ ಪಾಲೂ ಬೆಳೆಯುತ್ತೆ."

ಅವರು ಕಿಟಕಿಯವರೆಗೆ ಹೋಗಿ ಬಂದರು. ಮತ್ತೆ ಹೋದರು. ಆಮೇಲೆ ನನಗಿಂತ ಚೆನ್ನಾಗಿ ಅವರೇ ಹೇಳಿದರು.

"ಲಿಫ್ಟಿನಲ್ಲಿ ಎಲ್ಲಾ ಮಹಡಿಯ ಬಾಗಿಲಿಗೂ ಒಂದೇ ಕರೆಂಟ್ ಲೈನು. ಹನ್ನೆರಡರಲ್ಲಿ ಒಂದು ಬಾಗಿಲು ಸರಿ ಕೂರದಿದ್ರೆ ಲಿಫ್ಟು ಹಂದುದಿಲ್ಲ, ನಿಂತಲ್ಲೇ ನಿಲ್ತದೆ. ಮಹಡಿ ಜಾಸ್ತಿಯಾದ ಹಾಗೆ ನಿಲ್ಲುದೂ ಜಾಸ್ತಿ. ಅದೇ ಅಲ್ವಾ ಇದು? ಇಷ್ಟು ವರ್ಷ ಅದನ್ನೇ ರಿಪೇರಿ ಮಾಡಿ ಸಂಬಳ ತಕ್ಕೊಂಡವ ನಾನು!" ತಮ್ಮ ಹಣೆಗೆ ತಾವೇ ಹೊಡೆದುಕೊಂಡು ನಕ್ಕರು. ನಾನೂ ನಕ್ಕೆ. ತಿಳಿದ ಮೇಲೆ ಬಿಡುತ್ತಾರೆ ಎಂದುಕೊಂಡೆ. ಅದು ನನ್ನ ತಪ್ಪು ಎಣಿಕೆ.

ಮುಂದಿನ ವರ್ಷ ಅಡಿಲೇಡಿನಲ್ಲಿ ಅವರನ್ನು ಕೊನೆಯ ಸಲ ಕಂಡೆ. ಶನಿವಾರ ಮಧ್ಯಾಹ್ನ. ಎಂಟು ತಿಂಗಳ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಟ್ರ್ಯಾಮಿನಲ್ಲಿ ಸಮುದ್ರತೀರದ ಗ್ಲೆನೆಲ್ಗಿಗೆ ಬಂದಿದ್ದರು. ಸ್ಯಾಂಡ್ರಾಗೆ ಅಲ್ಲೇ ಔಷಧಿ ಅಂಗಡಿಯಲ್ಲಿ ಕೆಲಸ. ಮನೆ ಕೆಲವು ನಿಲ್ದಾಣಗಳಾಚೆ. ಅಂಕಲ್ಲರ ಮೈ ಸ್ವಲ್ಪ ತುಂಬಿಕೊಂಡಿತ್ತು. ಮಗುವಿನ ಬಾಯಿ ಒರೆಸುವಾಗ ಕೈಯಲ್ಲಿ ಅವಸರವಿರಲಿಲ್ಲ. "ಇವಳು ನನ್ನ ಬಿಟ್ಟು ಯಾರ ಕೈಯಲ್ಲೂ ನಿದ್ದೆ ಮಾಡುದಿಲ್ಲ, ಗೊತ್ತುಂಟಾ?" ಎಂದರು. ಮರುಕ್ಷಣವೇ ಜೇಬು ಮುಟ್ಟಿ ನೋಡಿಕೊಂಡರು.

"ಪೇಪರಿನವರೇ, ಮಗುವನ್ನು ಎರಡು ನಿಮಿಷ ಹಿಡ್ಕೊಳ್ಳಿ. ಮೂರು ಬಂದಾಗಿದೆ. ಬ್ರಿಸ್ಬೇನಿನಲ್ಲಿ ಲಾಸ್ಟ್ ಕ್ವಾರ್ಟರ್ ಆಗ್ತಾ ಉಂಟು."

"ಅಂಕಲ್, ಪ್ರಾಮಿಸ್ ಮಾಡಿದ್ರಿ."

"ಇದೇ ಲಾಸ್ಟ್. ನಿಜ."

ಮಗುವನ್ನು ನನ್ನ ತೋಳಿಗೆ ಹಾಕಿ, ಫೋನು ಹಿಡಿದು ಸಮುದ್ರದೊಳಕ್ಕೆ ಚಾಚಿದ್ದ ಜೆಟ್ಟಿಯ ತುದಿಯ ಕಡೆ ಸರಸರನೆ ನಡೆದುಬಿಟ್ಟರು. ಎರಡು ನಿಮಿಷ ಇಪ್ಪತ್ತಾಯಿತು. ಅಪರಿಚಿತ ಕೈಯಲ್ಲಿ ಮಗು ಅಳತೊಡಗಿತು. ಆ ಅಳು ಕೇಳಿಯೇ ಇರಬೇಕು, ಕೆಲಸ ಬೇಗ ಮುಗಿಸಿ ಬಂದಿದ್ದ ಸ್ಯಾಂಡ್ರಾ ನೇರ ನಮ್ಮ ಹತ್ತಿರ ಬಂದಳು. ಹಿಂದೆ ಒಮ್ಮೆ ವೀಡಿಯೊ ಕರೆಯಲ್ಲಿ ನನ್ನನ್ನು ನೋಡಿದ್ದಳು.

"ಡ್ಯಾಡಿ ಎಲ್ಲಿ?"

"ಜೆಟ್ಟಿಯ ತುದಿಗೆ ಹೋಗಿದ್ದಾರೆ."

"ಫೋನ್ ಹಿಡ್ಕೊಂಡು?"

ಗಾಳಿಗೆ ನಡೆಯಲು ಹೋಗಿದ್ದಾರೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳೋ ಏನೋ. ಮಗು ಇನ್ನೂ ಬಿಕ್ಕುತ್ತಿತ್ತು. "ಹೌದು" ಎಂದೆ.

ಅವಳು ಕೂಗಾಡಲಿಲ್ಲ. ಮಗುವನ್ನು ಎತ್ತಿಕೊಂಡು, ಗಾಡಿ ತಳ್ಳಿಕೊಂಡು, ನಿಂತಿದ್ದ ಟ್ರ್ಯಾಮು ಹತ್ತಿದಳು.

ಸ್ವಲ್ಪ ಹೊತ್ತಿಗೆ ಅಂಕಲ್ ಓಡಿ ಬಂದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ನೋಡಿಲ್ಲ.

"ನಾಲ್ಕೂ! ನಾಲ್ಕೂ ಬಂತು ಮಾರಾಯ್ರೆ! ಎರಡೇ ಪಾಯಿಂಟಲ್ಲಿ!" ನನ್ನ ಭುಜ ಹಿಡಿದು ಅಲುಗಾಡಿಸಿದರು. ಆಮೇಲೆ ನನ್ನ ಬರಿಗೈ ಕಂಡರು. "ಮಗು?"

"ಸ್ಯಾಂಡ್ರಾ ಬಂದಿದ್ರು. ಕರ್ಕೊಂಡು ಹೋದ್ರು."

"ಎಂತ ಹೇಳಿದ್ರಿ ನೀವು?"

"ಇದ್ದದ್ದನ್ನ ಹೇಳ್ದೆ, ಅಂಕಲ್."

ಬೈಯುತ್ತಾರೆಂದು ಕಾದೆ. "ಸರಿ. ಮತ್ತೆಂತ ಹೇಳುದು ನೀವು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರ ಕೈಯಲ್ಲಿದ್ದ ಫೋನಿನಲ್ಲಿ ಗೆಲುವಿನ ಹಸಿರು ಗುರುತು ಇನ್ನೂ ಮಿನುಗುತ್ತಿತ್ತು. ಅವರು ಅದನ್ನು ನೋಡಲಿಲ್ಲ. ಟ್ರ್ಯಾಮು ಹೋದ ದಿಕ್ಕನ್ನು ನೋಡುತ್ತಿದ್ದರು.

"ಇನ್ನೊಂದು ಟ್ರ್ಯಾಮು ಹದಿನೈದು ನಿಮಿಷಕ್ಕೆ ಬರುತ್ತೆ" ಎಂದೆ.

"ಅಷ್ಟು ಹೊತ್ತು ನಿಲ್ಲುದು ಹೇಗೆ?" ಎಂದು, ಹಳಿಯ ಪಕ್ಕದ ದಾರಿ ಹಿಡಿದು ಮಗಳ ಮನೆಯ ಕಡೆ ನಡೆಯತೊಡಗಿದರು. ಹಿಂದಿನಿಂದ ಬಂದ ಟ್ರ್ಯಾಮು ಅವರನ್ನು ದಾಟಿ ಹೋಗುವಾಗಲೂ ಅವರು ನಡೆಯುತ್ತಲೇ ಇದ್ದರು. ಆ ಟ್ರ್ಯಾಮಿನ ಕಿಟಕಿಯಿಂದ ನಾನು ನೋಡಿದೆ.