ನಕ್ಷೆಗೆ ಸಿಗದ ಹೊಂಗೆ ಮರ

ಉದ್ಯಾನ ವಿನ್ಯಾಸಕಾರರ ಸಂಘದ ಕಾರ್ಯದರ್ಶಿ ನಮ್ಮ ಬೀದಿಯಲ್ಲೇ ಇದ್ದರು. ಏನು ಕೇಳಿದರೂ ಕನ್ನಡಕ ಹಣೆಗೇರಿಸಿ, “ಮೊದಲು ಡ್ರಾಯಿಂಗ್ ನೋಡಿ” ಅನ್ನುತ್ತಿದ್ದರು.

ಒಮ್ಮೆ ಗಾಂಧಿ ಬಜಾರಿನ ಹೊಂಗೆ ಮರದ ಕೆಳಗೆ, ಹೂ ಮಾರುವ ಅಜ್ಜಿಯ ಮುಂದೆ ಆ ಬೀದಿಗೆ ತಾವು ಬರೆದ ಹೊಸ ನಕ್ಷೆ ಬಿಚ್ಚಿದರು. “ಡ್ರಾಯಿಂಗ್ ನೋಡಿ ಅಮ್ಮ, ಎಷ್ಟು ನೆರಳು ಬರುತ್ತೆ!”

“ಈ ಮರ ಎಲ್ಲಪ್ಪಾ ಇದರಲ್ಲಿ?”

ಅವರು ನಕ್ಷೆ ನೋಡಿದರು, ಮರ ನೋಡಿದರು, ಮತ್ತೆ ನಕ್ಷೆ ನೋಡಿದರು. “ಇದು ಲೈನಿಗೆ ಬರಲ್ಲಮ್ಮ. ನಾಲ್ಕಡಿ ಆಚೆ ಇರಬೇಕಿತ್ತು.”

“ಮರಕ್ಕೇ ಹೇಳಿ ನೋಡಪ್ಪಾ” ಎಂದಳು ಅಜ್ಜಿ, ಮಾಲೆ ಕಟ್ಟುತ್ತಲೇ.

ಆ ವರ್ಷ ಸಂಘದ ಮೊದಲ ಬಹುಮಾನ ಆ ನಕ್ಷೆಗೇ ಬಂತು. ಸುದ್ದಿ ಅಚ್ಚಾದ ಸಂಘದ ಪತ್ರಿಕೆ ಹಿಡಿದು ಬಜಾರಿನಲ್ಲಿ ಸಿಕ್ಕ ಕಾರ್ಯದರ್ಶಿಗಳು, “ಇಲ್ಲಿ ಬಿಸಿಲು, ಬನ್ನಿ” ಎಂದು ನನ್ನನ್ನು ಎಳೆದುಕೊಂಡು ಹೋದದ್ದು ಅದೇ ಹೊಂಗೆಯ ಕೆಳಗೆ.

ಅಜ್ಜಿ ಬುಟ್ಟಿ ಸರಿಸಿ ಜಾಗ ಕೊಟ್ಟಳು.