ಸೋರುವುದು ನಿಂತ ಪಂಪು

ಕ್ಷಯ ಹಿಡಿದು ಮಲಗಿದ್ದ ತಂಗಿ ನಮ್ಮ ಯಾರ ಮುಖವನ್ನೂ ನೋಡದೆ ಗಾಜಿನ ತೊಟ್ಟಿಯ ಮೀನುಗಳನ್ನೇ ನೋಡುತ್ತಿದ್ದಳು. ಮೂರು ಮೀನು, ನಾಲ್ಕೂ ಇದ್ದಿರಬಹುದು, ನನ್ನ ನೆನಪನ್ನು ನಾನು ನಂಬುವುದಿಲ್ಲ. ಹಡಗಿನ ಕೆಲಸದಲ್ಲಿದ್ದ ಮಾವ ತಂದುಕೊಟ್ಟಿದ್ದ, ತೊಟ್ಟಿಯ ಹೊರಗಿಟ್ಟು ನೀರು ಸೋಸುವ ಪಂಪಿನ ಡಬ್ಬಿ ಮುಚ್ಚಳದ ಹತ್ತಿರ ಸೋರತೊಡಗಿತ್ತು. ಸೈಕಲ್ ಟ್ಯೂಬು ಕತ್ತರಿಸಿ ವಾಷರ್ ಹಾಕಿದೆ, ನಿಲ್ಲಲಿಲ್ಲ. ಕೊನೆಗೆ ಬಂದರಿನಲ್ಲಿ ದೋಣಿ ರಿಪೇರಿ ಮಾಡುವ ಮುದುಕನ ಹತ್ತಿರ ಹೋದೆ.

“ಇದು ಸಮುದ್ರವನ್ನೇ ಹೊರಗೆ ನಿಲ್ಲಿಸ್ತದೆ ಮಾರಾಯ, ನಿನ್ನ ಡಬ್ಬಿ ಎಂತ ಲೆಕ್ಕ?” ಎಂದು ಅವನು ರಾಳವನ್ನು ಬೂತಾಯಿ ಮೀನಿನ ಎಣ್ಣೆಯಲ್ಲಿ ಕಲಸಿ ಕೊಟ್ಟ. ದೋಣಿಯ ಸಂದಿಗೆ ತುಂಬುವ ಹಾಗೆ ಮುಚ್ಚಳದ ಒಳಗೂ ಹೊರಗೂ ಮೆತ್ತಿದೆ. ಸೋರುವುದು ನಿಂತಿತು. ಅಂದು ತಂಗಿ ನಕ್ಕಳು.

ದೋಣಿಗೆ ನೀರು ಹೊರಗಿರುತ್ತದೆ, ಡಬ್ಬಿಗೆ ಒಳಗಿರುತ್ತದೆ, ಆ ನೀರೇ ತೊಟ್ಟಿಗೆ ಮರಳುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಬೆಳಗ್ಗೆ ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿತ್ತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

“ಸೋರುವುದು ನಿಂತಿತಲ್ಲ, ಅಣ್ಣ” ಎಂದು ತಂಗಿ ಗೋಡೆಯ ಕಡೆ ತಿರುಗಿದಳು. ಹಾಗೆಂದು ನಾನು ಹಲವರಿಗೆ ಹೇಳಿದ್ದೇನೆ. ಬಹುಶಃ ಅವಳು ಏನೂ ಹೇಳಲಿಲ್ಲ, ಸುಮ್ಮನೆ ತಿರುಗಿದಳು. ಪಂಪು ಮಾತ್ರ ಒಂದು ತೊಟ್ಟೂ ಸೋರದೆ, ಸತ್ತ ಮೀನುಗಳನ್ನು ತೊಟ್ಟಿಯಲ್ಲಿ ಸುತ್ತಿಸುತ್ತಲೇ ಇತ್ತು.