ಒಳನಾಡು ಶಾಖೆಯ ಎರಡನೆಯ ಕುರ್ಚಿ

ಮೀನುಗಾರಿಕಾ ವಿಜ್ಞಾನಿಗಳ ಸಂಘದಲ್ಲಿ ಮೊದಲಿನಿಂದಲೂ ಸಮುದ್ರದವರದೇ ದೊಡ್ಡ ದನಿ. ಕೆರೆ, ಜಲಾಶಯಗಳ ಮೀನಿಗೂ ಒಂದು ವಿಜ್ಞಾನವುಂಟೆಂದು ಆ ಗದ್ದಲದ ನಡುವೆಯೇ ಪಟ್ಟುಬಿಡದೆ ಹೇಳುತ್ತ ಬಂದವರು, ಸಂಘದ ಒಳನಾಡು ಶಾಖೆಯ ಕಾರ್ಯದರ್ಶಿಗಳೂ ಈಗ ನಿವೃತ್ತರಾಗುತ್ತಿರುವವರೂ ಆದ ನಮ್ಮ ಮೇಡಂ. ಮೀನಿನ ತಲೆಯೊಳಗಿನ ಕಿವಿಕಲ್ಲನ್ನು ಸೀಳಿ, ಅದರ ಗೆರೆಗಳನ್ನೆಣಿಸಿ ವಯಸ್ಸು ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಅವರು ಸೇವೆಗೆ ಸೇರಿದ ಹೊಸದರಲ್ಲಿ ಶಾಖೆಯ ಸಭೆಗೆ ಜನ ಹೆಚ್ಚಾಗಿ ಪಕ್ಕದ ಕೋಣೆಯಿಂದ ಕುರ್ಚಿ ಹೊತ್ತು ತರಬೇಕಾಗುತ್ತಿತ್ತು. ಮೀನಿನ ತಲೆ ಸೀಳುವಾಗ ಹೇಸಿಕೊಂಡ ವಿದ್ಯಾರ್ಥಿನಿಯೊಬ್ಬಳ ಮೂಗಿಗೆ ತಮ್ಮ ಕರವಸ್ತ್ರವನ್ನೇ ಕಟ್ಟಿ, "ಮೀನಿಗೂ ನಿನ್ನ ವಾಸನೆ ಹಿಡಿಸಿರಲ್ಲ, ಸಮಾಧಾನ ಮಾಡ್ಕೋ" ಎಂದ ತಾಯಿ ಅವರು. ಬರಬರುತ್ತ ಒಬ್ಬರಿಗೆ ವರ್ಗವಾಯಿತು, ಮತ್ತೊಬ್ಬರಿಗೆ ಬಡ್ತಿ. ಎಲ್ಲರೂ ಕಡಲ ಕಡೆಗೇ ಹೊರಟುಹೋದರು. ಉಳಿದವರು ಮೇಡಂ ಮತ್ತು ಬಲೆಗಳ ಸಂಶೋಧನೆಯಲ್ಲಿ ಕೂದಲು ನರೆಸಿಕೊಂಡಿದ್ದ ಬಲೆ ಮಾಸ್ತರು, ಇಬ್ಬರೇ.

ಶಾಖೆಯಲ್ಲೊಂದು ಪದ್ಧತಿಯಿತ್ತು. ಒಂದೇ ಕಲ್ಲನ್ನು ಇಬ್ಬರು, ಒಬ್ಬರಿಗೊಬ್ಬರು ಹೇಳದೆ, ಓದಬೇಕು. ಇಬ್ಬರ ಲೆಕ್ಕವೂ ಕೂಡಿದರೆ ವಯಸ್ಸು ಖಾತ್ರಿ. ಕೂಡದಿದ್ದರೆ ಒಟ್ಟಿಗೆ ಕುಳಿತು ಜಗಳ. ಒಮ್ಮೆ ಜಲಾಶಯದ ಗೆಂಡೆಮೀನಿನ ಕಲ್ಲೊಂದಕ್ಕೆ ಮೇಡಂ ಆರು ವರ್ಷವೆಂದರು, ಮಾಸ್ತರು ಏಳೆಂದರು.

"ಅಂಚಿನ ಗೆರೆ ಲೆಕ್ಕಕ್ಕಿಲ್ಲ ಮಾಸ್ತರೇ."

"ಇದೆ ಕಣಮ್ಮ. ಮುಂದಿನ ಸಭೇಲಿ ತೋರಿಸ್ತೀನಿ, ತಾಳು."

ಮುಂದಿನ ಸಭೆಯ ಹೊತ್ತಿಗೆ ಮಾಸ್ತರು ತೀರಿಕೊಂಡಿದ್ದರು. ಇತ್ಯರ್ಥವಾಗದ ಕಲ್ಲನ್ನು ಎಸೆಯಬೇಕೆಂಬುದು ನಿಯಮ. ನಿಯಮಕ್ಕೆ ಕೂದಲೆಳೆಯಷ್ಟೂ ತಪ್ಪದ ಮೇಡಂಗೆ ಅದೊಂದನ್ನು ಎಸೆಯಲು ಕೈ ಬರಲಿಲ್ಲ.

ಆಮೇಲೂ ಅವರು ಸೂಕ್ಷ್ಮದರ್ಶಕದ ಮುಂದೆ ಎರಡು ಕುರ್ಚಿ ಹಾಕಿಸುತ್ತಿದ್ದರು. ಒಂದರಲ್ಲಿ ಕುಳಿತು ಕಲ್ಲು ಓದಿ, ಲೆಕ್ಕ ಮರೆಯುವಷ್ಟು ದಿನ ಬಿಟ್ಟು, ಇನ್ನೊಂದರಲ್ಲಿ ಕುಳಿತು ತಾವೇ ಮತ್ತೆ ಓದುತ್ತಿದ್ದರು. "ಒಬ್ಬಳೇ ಕೂತು ಸಭೆ ಅಂತೀಯಲ್ಲಕ್ಕ, ತಲೆ ಕೆಟ್ಟಿದೆಯಾ ನಿನಗೆ?" ಎಂದು ಅವರ ತಮ್ಮ ಫೋನಿನಲ್ಲಿ ನಕ್ಕರೆ, "ಗಲಾಟೆ ಇಲ್ಲ ಕಣೋ, ಎಲ್ಲ ಠರಾವೂ ಸರ್ವಾನುಮತ" ಎಂದು ತಾವೂ ನಕ್ಕರು. ಫೋನಿಟ್ಟ ಮೇಲೆ ಅತ್ತರು. ತನ್ನ ಮಾತಿಗೆ ಇಲ್ಲವೆನ್ನಲು ಒಂದು ನರಪಿಳ್ಳೆಯೂ ಇಲ್ಲದ ಒಂಟಿತನ ಎಂಥದೆಂಬುದು ಅನುಭವಿಸಿದವರಿಗೇ ಗೊತ್ತು.

ಸಂಘದ ಅಧ್ಯಕ್ಷರು, "ಶಾಖೆನ ಕರಾವಳಿ ಶಾಖೆಗೆ ಸೇರಿಸಿಬಿಡೋಣ ಮೇಡಂ" ಎಂದಾಗ, "ಕೆರೆಮೀನಿಗೆ ಉಪ್ಪುನೀರು ಕುಡಿಸ್ತೀರಾ?" ಎಂದು ಅವರ ಬಾಯಿ ಮುಚ್ಚಿಸಿದರು. ಆದರೂ ಅಧ್ಯಕ್ಷರ ಮಾತು ಖಚಿತವಾಗಿತ್ತು: ಮೇಡಂ ನಿವೃತ್ತರಾಗುವ ದಿನಕ್ಕೆ ಬೇರೊಬ್ಬ ಸದಸ್ಯರಿಲ್ಲದಿದ್ದರೆ ಶಾಖೆ ಮುಚ್ಚತಕ್ಕದ್ದು.

ಮೇಡಂ ಅವರ ಹುದ್ದೆಗೆ ಬಂದ ತರುಣಿ ಸಂಘದಲ್ಲಿ ಕರಾವಳಿ ಶಾಖೆಯವಳು. "ನಾನು ಅಲ್ಲೇ ಇರ್ತೀನಿ ಮೇಡಂ. ಇಲ್ಲಿ ಯಾರಿದ್ದಾರೆ?" ಎಂದಳು. ಮೇಡಂ ಒತ್ತಾಯಿಸಲಿಲ್ಲ. ಬೀರುವಿನಿಂದ ಆ ಗೆಂಡೆಯ ಕಲ್ಲನ್ನು ತೆಗೆದು, ಗಾಜು ಒರೆಸಿ, ಹಳೆಯ ಲೆಕ್ಕ ಹೇಳದೆ ಸೂಕ್ಷ್ಮದರ್ಶಕದಡಿ ಅವಳ ಮುಂದಿಟ್ಟರು.

ತರುಣಿ ಬಹಳ ಹೊತ್ತು ನೋಡಿದಳು. "ಏಳು."

"ಆರಲ್ವೇನಮ್ಮ?"

"ಖಂಡಿತ ಅಲ್ಲ. ಅಂಚಿನ ಗೆರೆ ನೀವು ಬಿಟ್ಟಿದ್ದೀರಿ. ಬೇಕಾದ್ರೆ ಜಗಳಕ್ಕೆ ಕೂತ್ಕೋತೀನಿ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾಸ್ತರು ಗೆದ್ದರಲ್ಲಪ್ಪ!" ಎಂದರು. ಆಮೇಲೆ, "ಇಲ್ಲಿ ಜಗಳ ಆಡೋ ಹಕ್ಕು ಶಾಖೆಯವರಿಗೆ ಮಾತ್ರ ಕಣಮ್ಮ" ಎಂದರು.

ತರುಣಿ ಎರಡನೆಯ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಸರಿ, ಈಗ ಶಾಖೆಯವಳೇ ಅಂದ್ಕೊಳ್ಳಿ. ಆರು ಹೇಗೆ, ತೋರಿಸಿ" ಎಂದಳು.

ಪೂಜ್ಯ ಮೇಡಂ ಅವರಿಗೆ ದೀರ್ಘಾಯುಷ್ಯವಿರಲಿ, ಕಣ್ಣಿನ ಬೆಳಕು ಮಾಸದಿರಲಿ. ಒಳನಾಡು ಶಾಖೆಯ ಸಭೆ ಎಂದಿನಂತೆ ನಡೆಯಲಿದೆ. ಅವರ ಲೆಕ್ಕ ತಪ್ಪೆನ್ನಲು ಅಲ್ಲೊಬ್ಬಳು ಕಾದಿರುತ್ತಾಳೆ, ನಿವೃತ್ತಿಯ ಮೇಲೂ ಮೇಡಂ ದಯಮಾಡಿ ಬರಬೇಕು.